ಬಾಯಿಪಾಠ

"ಅವಸರ ಇಲ್ಲ ಅಂಕಲ್. ಆಗ ನಾನು ಐದು ಶಬ್ದ ಹೇಳಿದ್ದೆ ಅಲ್ವಾ? ಅದನ್ನು ಈಗ ನೀವು ಹೇಳಬೇಕು," ಎಂದಳು ಡಾಕ್ಟರ್ ನಸೀಬಾ.

ವಿಲ್ಲಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ನಡುಗುವ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದ. ಮಾತ್ರೆ ತರಲು ಕೆಳಗೆ ಹೋಗಿದ್ದ ಹೆಂಡತಿ ಬೆನಿಟಾ ಟೀಚರ್ ಆಗಷ್ಟೇ ಒಳಗೆ ಬಂದು ಅವನ ಹಿಂದೆ ನಿಂತಿದ್ದಳು. ಅವಳ ತುಟಿಗಳು ತಾವಾಗಿಯೇ ಅಲುಗಿದವು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಥಟ್ಟನೆ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಳು.

ಕೈ ನಡುಕಕ್ಕೆ ಅವಳು ಹೆದರಿದವಳಲ್ಲ. ಅದಕ್ಕೆ ಮಾತ್ರೆ ಇತ್ತು. ಆದರೆ ಪಾರ್ಕಿನ್ಸನ್ ಕಾಯಿಲೆ ಮೆಲ್ಲನೆ ತಲೆಗೂ ಕೈಹಾಕಿತು. ಕೊಡಿಯಾಲ್‌ಬೈಲಿನ ಅರ್ಧ ಮನೆಗಳಿಗೆ ವಯರಿಂಗ್ ಮಾಡಿದ ಮನುಷ್ಯ ಬಚ್ಚಲಲ್ಲಿ ನಿಂತು, ಮೊದಲು ನೀರೋ ಸಾಬೂನೋ ಎಂದು ತಿಳಿಯದೆ ಹೆಂಡತಿಯನ್ನು ಕೂಗತೊಡಗಿದ. ಆಗ ಸಿಕ್ಕಿದ್ದು ಅತ್ತಾವರದ ಆಸ್ಪತ್ರೆಯ ಈ ಯಂತ್ರ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ತಲೆಗೆ ಒಂದು ಸುರುಳಿ ಹಿಡಿದು, ಹೊರಗಿನಿಂದಲೇ ಅಯಸ್ಕಾಂತದ ಮಿಡಿತ ಕೊಟ್ಟು ಮಿದುಳನ್ನು ಎಬ್ಬಿಸುವ ಪ್ರಯತ್ನ.

"ಕೆಲವರಿಗೆ ಸ್ವಲ್ಪ ಗುಣ ಕಾಣ್ತದೆ, ಕೆಲವರಿಗೆ ಎಂತದ್ದೂ ಇಲ್ಲ," ಎಂದು ನಸೀಬಾ ಮೊದಲೇ ಹೇಳಿದ್ದಳು. "ಕೊನೆಗೆ ಒಂದು ಪರೀಕ್ಷೆ ಉಂಟು. ಗುಣ ಕಂಡ್ರೆ ಇನ್ನೊಂದು ಸುತ್ತು ಕೊಡುವ. ಇಲ್ಲದಿದ್ರೆ ನಿಲ್ಲಿಸುವುದೇ."

ಪರೀಕ್ಷೆ ಎಂದದ್ದೇ ತಡ, ಬೆನಿಟಾಳೊಳಗಿನ ಟೀಚರ್ ಎದ್ದು ಕೂತಳು. ಮೊದಲ ದಿನದ ಪರೀಕ್ಷೆಯಲ್ಲಿ ಡಾಕ್ಟರ್ ಕೇಳಿದ್ದ ಐದು ಶಬ್ದಗಳು ಅವಳಿಗೆ ನೆನಪಿದ್ದವು. ಸಂಜೆಯ ತೇರ್ಸಿನ ಪ್ರಾರ್ಥನೆ ಮುಗಿದ ಕೂಡಲೇ ಗಂಡನನ್ನು ಊಟದ ಮೇಜಿಗೆ ಕೂರಿಸಿ ಉರು ಹೊಡೆಸಿದಳು. ಬಲ್ಮಠದ ಶಾಲೆಯಲ್ಲಿ ಎಂಥೆಂಥ ದಡ್ಡರನ್ನು ಅವಳು ದಾಟಿಸಿದ್ದೂ ಹೀಗೆಯೇ. ವಿಲ್ಲಿ ತಪ್ಪಿದ, ಬೈಸಿಕೊಂಡ, ಒಂದು ಸಂಜೆ ಅತ್ತೂಬಿಟ್ಟ. ಇದು ಮೋಸ ಎಂದು ಅವಳಿಗೆ ಗೊತ್ತಿತ್ತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಆ ಯಂತ್ರವೂ ನಿಂತುಹೋದರೆ ಮುಂದೆ ಏನೂ ಇರಲಿಲ್ಲ.

"ಕೊಡೆ, ಹುಲಿ, ಗಂಟೆ, ನಿಂಬೆ, ನೀಲಿ!" ಎಂದ ವಿಲ್ಲಿ ಒಂದೇ ಉಸಿರಿಗೆ. ಮರಗಟ್ಟಿದ್ದ ಅವನ ಮುಖದಲ್ಲಿ ಎಷ್ಟೋ ಕಾಲದ ಮೇಲೆ ನಗುವಿನಂಥದ್ದೇನೋ ಕಂಡಿತು.

ನಸೀಬಾ ಪೆನ್ನು ಕೆಳಗಿಟ್ಟಳು. ವಿಲ್ಲಿಗೆ ಕೇಳದಂತೆ ಬೆನಿಟಾಳನ್ನು ಬಾಗಿಲ ಬಳಿ ಕರೆದಳು.

"ಟೀಚರ್, ಅದು ಮೊದಲ ಸಲದ ಶಬ್ದಗಳು. ಪ್ರತಿ ಸಲ ಬೇರೆ ಕೊಡ್ತೇವೆ. ಇವತ್ತಿನದ್ದು ಒಂದೂ ಬರ್ಲಿಲ್ಲ."

ವರ್ಷ ವರ್ಷವೂ ಪ್ರಶ್ನೆಪತ್ರಿಕೆ ಬದಲಾಯಿಸುತ್ತಿದ್ದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ! ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಂತಾಯಿತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆದರೂ ಕೇಳಿದಳು: "ಇನ್ನೊಂದು ಸುತ್ತು ಕೊಟ್ಟು ನೋಡ್ಲಿಕ್ಕೆ ಆಗುದಿಲ್ವಾ ಡಾಕ್ಟ್ರೇ? ಐದನ್ನು ಕಲಿತರಲ್ಲ."

"ಅದು ನೀವು ಕಲಿಸಿದ್ದು ಟೀಚರ್. ಮೆಷಿನ್ ಅಲ್ಲ." ನಸೀಬಾ ಅವಳ ತೋಳು ಹಿಡಿದುಕೊಂಡಳು. "ಸುಳ್ಳು ಆಸೆ ಕೊಡ್ಲಿಕ್ಕೆ ನನಗೆ ಮನಸ್ಸಿಲ್ಲ. ಮೆಷಿನ್ ನಿಲ್ಲಿಸುವ. ಕಾಯಿಲೆ ಇನ್ನು ಹೀಗೇ ಹೋಗ್ತದೆ."

ಹೊರಗೆ ಬಂದದ್ದೇ ವಿಲ್ಲಿ ಕೇಳಿದ: "ಎಂತ ಹೇಳಿದ್ರು? ಪಾಸಾ?"

ಬೆನಿಟಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಅವನು ಅವಳ ಬಾಯನ್ನೇ ನೋಡುತ್ತಿದ್ದ.

"ಪಾಸ್," ಎಂದಳು.

ಮರುದಿನ ಅವಳು ಏಳುವ ಮೊದಲೇ ವಿಲ್ಲಿ ಶರ್ಟು ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದ. ಗುಂಡಿಗಳೆಲ್ಲ ಒಂದರದ್ದು ಇನ್ನೊಂದಕ್ಕೆ ಸಿಕ್ಕಿದ್ದವು.

"ಇವತ್ತು ಎಲ್ಲಿಗೂ ಇಲ್ಲ ವಿಲ್ಲಿ."

"ಪಾಸಾದ್ರೆ ಇನ್ನೊಂದು ಸುತ್ತು ಉಂಟು ಅಂತ ನೀನೇ ಹೇಳಿದ್ದು ಮಾರಾಯ್ತಿ. ಬೇಗ ಹೊರಡು."

ಅವಳು ಗುಂಡಿಗಳನ್ನು ಬಿಚ್ಚಿ, ಸರಿಯಾಗಿ ಹಾಕಿದಳು. ತಾನೂ ಸೀರೆ ಉಟ್ಟಳು. ರಸ್ತೆಯಲ್ಲಿ ದಿನಾ ಕರೆದೊಯ್ಯುವ ನಿಝಾರನ ರಿಕ್ಷಾ ನಿಂತಿತ್ತು.

"ಆಸ್ಪತ್ರೆಗಲ್ವಾ ಟೀಚರ್?"

"ಹೌದು ಮಾರಾಯಾ, ಅವರು ಕಾಯ್ತಾ ಇರ್ತಾರೆ," ಎಂದ ವಿಲ್ಲಿ.

ಬೆನಿಟಾ ಅವನ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟು, ಪಕ್ಕದಲ್ಲಿ ಕೂತಳು. ರಿಕ್ಷಾ ಅತ್ತಾವರದ ಕಡೆ ತಿರುಗಿತು. ಅಲ್ಲಿ ಯಾರೂ ಕಾಯುತ್ತಿಲ್ಲ ಎಂದು ಗೊತ್ತಿದ್ದೂ ಅವಳು ವಿಲ್ಲಿಯ ಶರ್ಟಿನ ಕಾಲರ್ ಸರಿಮಾಡಿದಳು.