ಮಡಿಯಲ್ಲಿ ಕೂತ ಹವಳ

ಸಮುದ್ರದ ಹವಳಕ್ಕೂ ಹಾನಗಲ್ಲಿನ ಪದ್ಮಾಬಾಯಿಯವರ ದೇವರಮನೆಗೂ ಏನು ಸಂಬಂಧ ಎಂದು ಕೇಳಬೇಡಿ. ಕಾರು ಕೆಟ್ಟರೆ ಎಂಥ ಸಂಬಂಧವೂ ಕೂಡಿಬರುತ್ತದೆ.

ಕಾರು ಬಾಯಿಯವರ ತಂಗಿಯ ಮಗಳು ಸ್ಪಂದನಾಳದು. ಕಡಲಿನ ಜೀವಿಗಳನ್ನು ಓದಿಕೊಂಡವಳು. ಟಬ್ಬಿನ ಉಪ್ಪುನೀರಲ್ಲಿ ಮೂರು ತುಂಡು ಜೀವಂತ ಹವಳ ಇಟ್ಟುಕೊಂಡು ಹುಬ್ಬಳ್ಳಿಯ ಪ್ರಯೋಗಾಲಯಕ್ಕೆ ಹೊರಟಿದ್ದಾಗ ಕಾರು ಹಾನಗಲ್ಲಿನಲ್ಲೇ ಕೆಟ್ಟು ನಿಂತಿತು. ಹೋದ ಬೇಸಿಗೆಯಲ್ಲಿ ಸಮುದ್ರ ಕಾದು, ಮೇಲೆ ರೋಗವೂ ಬಡಿದು, ಅಲ್ಲಿಯ ಹವಳವೆಲ್ಲ ಬಿಳಿಚಿ ಸತ್ತಾಗ ಉಳಿದದ್ದು ಇವು ಮೂರೇ. ಇವನ್ನು ಬೆಳೆಸಿ ಮತ್ತೆ ಕಡಲಲ್ಲಿ ನೆಡಬೇಕಿತ್ತು.

“ಮೌಶಿ, ಬ್ಯಾರೆ ಗಾಡಿ ತರ್ತೇನಿ, ಸಂಜಿ ತನಕ ನೋಡ್ಕೋ. ಮೊಣಕೈ ತನಕ ತೊಳ್ಕೊಳ್ದ ಯಾರೂ ಮುಟ್ಟಬಾರ್ದು, ರೋಗ ಹತ್ತತದ. ನೀರು ಮೂವತ್ತು ಡಿಗ್ರಿ ದಾಟಿದ್ರ ಇವೂ ಸಾಯ್ತಾವ.”

“ಅಂದ್ರ ಮಡಿ ಅನ್ನು,” ಎಂದರು ಪದ್ಮಾಬಾಯಿ. ಅವರ ಕಣ್ಣು ತುಂಬಿ ಬಂತು. ನಲವತ್ತು ವರ್ಷ ಮನೆಮಂದಿಯೆಲ್ಲ ಅವರ ಮಡಿಗೆ ನಕ್ಕಿದ್ದರು. ಈಗ ಸಾಕ್ಷಾತ್ ವಿಜ್ಞಾನವೇ ಮನೆಗೆ ಬಂದು ಶರಣಾಗಿತ್ತು.

ಟಬ್ಬು ದೇವರಮನೆ ಸೇರಿತು, ಬಾಯಿಯವರು ಒದ್ದೆ ಸೀರೆಯುಟ್ಟು ಕಾವಲು ಕೂತರು. ಎರಡು ಹನಿ ಗಂಗಾಜಲ ಬಿಡಲೇ ಎಂದು ಫೋನಿನಲ್ಲಿ ಕೇಳಿದರೆ, ಸಿಹಿನೀರು ಬೇಡವೇ ಬೇಡ ಎಂಬ ಉತ್ತರ ಬಂತು. ಇಷ್ಟು ಕಡಕ್ ಮಡಿಯನ್ನು ಅವರ ಅತ್ತೆಯೂ ಮಾಡಿರಲಿಲ್ಲ. ಗಂಡ ಪ್ರಾಣೇಶರಾಯರು ಬಾಗಿಲಲ್ಲಿ ಇಣುಕಿದ್ದಕ್ಕೆ, “ಆ ಕಡೆ ಮಾರಿ ಮಾಡಿ ಉಸಿರು ಬಿಡ್ರಿ,” ಎಂದು ಗದರಿದರು.

ಮಧ್ಯಾಹ್ನ ಕರೆಂಟು ಹೋಗಿ, ಟಬ್ಬಿಗೆ ಗಾಳಿ ಹಾಕುತ್ತಿದ್ದ ಫ್ಯಾನು ನಿಂತಿತು. ಟಬ್ಬಿನ ಥರ್ಮಾಮೀಟರಿನಲ್ಲಿ ನೀರಿನ ಶಾಖ ಇಪ್ಪತ್ತೊಂಬತ್ತಾಯಿತು, ಇಪ್ಪತ್ತೊಂಬತ್ತೂವರೆಯಾಯಿತು. ರಾಯರು ಸ್ಕೂಟರ್ ಹತ್ತಿ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನಹಾಲು ಮಾರುವ ಶಾಹಬಾಜನನ್ನು ಐಸಿನ ಸಮೇತ ಕರೆತಂದರು.

ಬಾಯಿಯವರು ಬಾಗಿಲು ಹಿಡಿದು ಅಡ್ಡ ನಿಂತರು. ಕಟ್ಟಿಕೊಂಡ ಗಂಡನನ್ನೇ ಒಳಗೆ ಬಿಡದವರು. ಆದರೆ ಶಾಖ ಮೂವತ್ತಕ್ಕೆ ಕೂದಲೆಳೆಯಷ್ಟು ಬಾಕಿಯಿತ್ತು.

“ಒಳಗ ಬಾರಪಾ. ಆದ್ರ ಕೈ ತೊಳ್ಕೋ.”

ಶಾಹಬಾಜ ಅಂಗಳದ ನಲ್ಲಿಯಲ್ಲಿ ಮೊಣಕೈವರೆಗೆ ಮೂರು ಸಲ ತೊಳೆದ, ಬಾಯಿ ಮುಕ್ಕಳಿಸಿದ, ಮುಖ ತೊಳೆದ, ಕಾಲನ್ನೂ ತೊಳೆದ. ನಮಾಜಿಗೆ ದಿನಕ್ಕೆ ಐದು ಸಲದ ರೂಢಿ. ತಪ್ಪು ಹುಡುಕಲು ಕಾದಿದ್ದ ಬಾಯಿಯವರಿಗೆ ಏನೂ ಸಿಗಲಿಲ್ಲ. ಅವನು ಒಳಗೆ ಬಂದು, ಸಿಹಿನೀರು ಸೋರದಂತೆ ಐಸಿನ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿದ. ಬಾಯಿಯವರು ಸೆರಗಿನಿಂದ ಬೆವರೊರೆಸಿಕೊಂಡು, ಅವಸರದಿಂದ ಚೀಲಕ್ಕೆ ಕೈಚಾಚಿದರು.

ಶಾಹಬಾಜ ಚೀಲ ಹಿಂದೆಳೆದುಕೊಂಡ. “ತಡೀರಿ ಅವ್ವಾರ. ಬಾಗಲಾ ಹಿಡದ್ರಿ, ಬೆವರು ಒರಸ್ಕೊಂಡ್ರಿ. ಪಾಪ, ಅವಕ್ಕ ರೋಗ ಹತ್ತತದಂತ, ರಾಯರು ಹೇಳಿದ್ರು. ಕೈ ತೊಳ್ಕೊಂಡ ಬರ್ರಿ.”

ರಾಯರು ಕೆಮ್ಮಿ ನಗು ನುಂಗಿದರು. ಪದ್ಮಾಬಾಯಿ ತಮ್ಮ ಕೈ ನೋಡಿಕೊಂಡರು. ನಲ್ಲಿಗೆ ಹೋಗಿ ಮೊಣಕೈವರೆಗೆ ಮೂರು ಸಲ ತೊಳೆದು ಬರುವಷ್ಟರಲ್ಲಿ ಐಸಿನ ಚೀಲ ಟಬ್ಬಿಗಿಳಿದು, ಶಾಖ ಇಪ್ಪತ್ತೊಂಬತ್ತೂವರೆಗೆ ಇಳಿದಿತ್ತು. ಒದ್ದೆ ಕೈ ಎತ್ತಿಹಿಡಿದು ಅವರು ತಮ್ಮದೇ ದೇವರಮನೆಯ ಹೊಸ್ತಿಲಾಚೆ ನಿಂತು ಕೇಳಿದರು:

“ಈಗ ಒಳಗ ಬರಲೇನಪಾ?”