ಐದು ಗಂಟೆಯವರೆಗಿನ ಪ್ರಾರ್ಥನೆ

ಸಾಹೇಬರು ಬಾಯಿತಪ್ಪಿ ಮಾತು ಕೊಟ್ಟುಬಿಟ್ಟಿದ್ದರು. ಮಧ್ಯಾಹ್ನ ಮೂರಕ್ಕೆ ಬುಲ್ಡೋಜರ್ ತಂದಾಗ ತಗಡಿನ ಶೆಡ್ಡುಗಳ ಮುಂದೆ ನಲವತ್ತು ಜನ ಕಣ್ಣು ಮುಚ್ಚಿ ಕೂತಿದ್ದರು. "ಆಯ್ತು, ಪ್ರಾರ್ಥನೆ ಮುಗಿಸ್ಕೊಳ್ಳಿ, ಆಮೇಲೆ ಕೆಡವ್ತೀವಿ," ಅಂದರು. ಹತ್ತು ನಿಮಿಷದ ಮಾತು ಅಂದುಕೊಂಡಿದ್ದರು, ಪಾಪ. ದೇವರಿಗೆ ಹೆದರುವ ಮನುಷ್ಯ, ಅಷ್ಟು ಜನರೆದುರು ಆಡಿದ ಮಾತನ್ನು ನುಂಗುವುದು ಹೇಗೆ?

ಅವರ ಕೈಯಲ್ಲಿದ್ದ ಆದೇಶ ಅಂದು ಸಂಜೆ ಐದರವರೆಗೆ ಮಾತ್ರ. ಆಮೇಲೆ ಹೊಸದು ಬೇಕು. ಬಾಗಿಲಿಗೆ ಅಂಟಿಸಿದ್ದ ನೋಟಿಸನ್ನು ದರ್ಜಿಯಕ್ಕ ಮೂರು ಸಲ ಓದಿದ್ದಳು. ಮೂರನೆಯ ಶೆಡ್ಡು ಅವಳದು. ಒಳಗೆ ಹೊಲಿಗೆ ಯಂತ್ರ, ಹಾಸಿಗೆ ಹಿಡಿದ ಅತ್ತೆ. ವಾರದ ಪ್ರಾರ್ಥನೆಗೆ ಅವಳು ಬರುತ್ತಿದ್ದದ್ದು ಕಾಲು ಚಾಚಿ ಕೂರುವುದಕ್ಕೆ. ಇಂದು ಮಾತ್ರ ಅವಳಂಥ ಭಕ್ತೆ ಇನ್ನೊಬ್ಬಳಿರಲಿಲ್ಲ.

ಅಲ್ಲಿನ ಪದ್ಧತಿ ಇಷ್ಟೇ. ಕಷ್ಟದಲ್ಲಿರುವ ಒಬ್ಬರನ್ನು ಯಾರಾದರೂ ನೆನೆಯಬೇಕು, ಎಲ್ಲರೂ ಅವರಿಗಾಗಿ ಬೇಡಿ "ಆಗಲಿ" ಅನ್ನಬೇಕು. ನೆನೆಯುವವರು ಯಾರೂ ಉಳಿಯದಿದ್ದರೆ ಪ್ರಾರ್ಥನೆ ಮುಗಿದಂತೆ. ನಡೆಸುವವನು ಬೀಗ ರಿಪೇರಿಯ ಅಜ್ಜ.

ನಾಲ್ಕೂ ನಲವತ್ತರ ಹೊತ್ತಿಗೆ ಸೋದರಮಾವಂದಿರ ಮಂಡಿನೋವೂ ಬಸುರಿಯರ ವಾಂತಿಯೂ ಖಾಲಿಯಾದವು. ದರ್ಜಿಯಕ್ಕ ಗಂಟಲು ಸರಿಮಾಡಿಕೊಂಡಳು.

"ಮೂಲೆ ಅಂಗಡಿಯವನ ಬೆಕ್ಕು, ಅಜ್ಜ. ಎರಡು ದಿನದಿಂದ ಕುಂಟ್ತಾ ಇದೆ."

ಅಜ್ಜ ಒಂದು ಕಣ್ಣು ತೆರೆದ. "ನಿಜವಾಗ್ಲೂ ನಿಂಗೆ ಆ ಬೆಕ್ಕಿನ ಚಿಂತೆ ಇದ್ಯೇನಮ್ಮ?"

"ಅಜ್ಜ, ಮನೆ ಹೋಗುತ್ತೆ!"

"ನಂದೂ ಹೋಗುತ್ತೆ. ಹಂಗಂತ ದೇವರ ಮುಂದೆ ನಾಟಕ ಆಡ್ಲಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇವನ ಸತ್ಯಕ್ಕಿಷ್ಟು ಬೆಂಕಿ ಹಾಕ! ಬುಲ್ಡೋಜರ್ ಬೇಡ, ನಲವತ್ತು ಜನರನ್ನು ಬೀದಿಗೆ ತರಲು ಇವನೊಬ್ಬನೇ ಸಾಕು.

"ಮತ್ತೆ ಯಾರಾದ್ರೂ ಇದ್ದಾರಾ?" ಅಂದ ಅಜ್ಜ. ಯಾರೂ ಉಸಿರೆತ್ತಲಿಲ್ಲ. ಐದಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಒಳಗೆ ಅತ್ತೆ ಕೆಮ್ಮಿದರು. ಅವರನ್ನು ಹೊತ್ತುಕೊಂಡು ದರ್ಜಿಯಕ್ಕ ಹೋಗುವುದಾದರೂ ಎಲ್ಲಿಗೆ?

"ಮುಗೀತಲ್ಲ," ಎಂದು ಸಾಹೇಬರು ಡ್ರೈವರನತ್ತ ಕೈ ಎತ್ತಿದರು. ಗುರುಗುಟ್ಟುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ನಿಂತಿತು. ಡ್ರೈವರ್ ಇಳಿದು ಬಂದು ಅಜ್ಜನ ಮುಂದೆ ಕುಕ್ಕರಗಾಲಲ್ಲಿ ಕೂತ.

"ನನ್ನ ಮಗಳು, ಅಜ್ಜ. ಆರು ವರ್ಷ. ಮೂರು ತಿಂಗಳಿಂದ ಆಸ್ಪತ್ರೇಲಿದ್ದಾಳೆ. ಕಂಡೋರ ಮನೆ ಕೆಡವಿ ಔಷಧಿ ತರ್ತೀನಿ ನಾನು. ನಮಗೋಸ್ಕರ ಯಾರು ಬೇಡ್ತಾರೆ?"

"ಏಯ್, ಹತ್ತೋ ಮೇಲೆ!" ಎಂದು ಸಾಹೇಬರು ಗದರಿದರು.

"ಮಾತು ಕೊಟ್ಟಿದ್ದು ನೀವೇ ಅಲ್ವಾ, ಸರ್. ಮುಗೀಲಿ."

ಅಜ್ಜ ದರ್ಜಿಯಕ್ಕನತ್ತ ತಿರುಗಿದ. "ಈ ಮಗೂಗೋಸ್ಕರ ನೀನು ಬೇಡ್ಕೊಳಮ್ಮ."

ಅವಳು ಡ್ರೈವರನನ್ನು ದುರುಗುಟ್ಟಿ ನೋಡಿದಳು. ತನ್ನ ಗೋಡೆಗೆ ಯಂತ್ರ ಒಡ್ಡಿ ನಿಂತವನಿಗೆ ಯಾವ ಬಾಯಿಂದ ಒಳ್ಳೆಯದು ಬೇಡುವುದು? ಡ್ರೈವರ್ ಜೇಬಿನಿಂದ ಫೋಟೋ ತೆಗೆದು ಅವಳ ಕೈಗಿಟ್ಟ. ಹಾಸಿಗೆಯ ಮೇಲೆ ಕೂತ ಹುಡುಗಿ, ಮೈಮೇಲೆ ಹಳದಿ ಫ್ರಾಕು. ದರ್ಜಿಯಕ್ಕನ ಕಣ್ಣು ಹೊಲಿಗೆಯವಳ ಕಣ್ಣು, ಮೊದಲು ಬಟ್ಟೆಯನ್ನೇ ನೋಡಿತು. ಎರಡೂ ಪಕ್ಕ ಒಳಗೆ ಹಿಡಿದು ಹೊಲಿದಿದ್ದರು, ಅದೂ ಸಾಲದೆ ಸೊಂಟಕ್ಕೆ ಪಿನ್ನು ಚುಚ್ಚಿದ್ದರು. ಬೆಳೆಯುವ ಮಗುವಿನ ಬಟ್ಟೆಯನ್ನು ಬಿಚ್ಚಿ ದೊಡ್ಡದು ಮಾಡಿಯೇ ಅವಳಿಗೆ ಅಭ್ಯಾಸ. ಹೀಗೆ ಚಿಕ್ಕದು ಮಾಡುತ್ತಾ ಹೋದದ್ದನ್ನು ಅವಳು ಕಂಡಿರಲಿಲ್ಲ.

"ಸ್ವಾಮೀ," ಅಂದಳು. ಮುಂದಿನ ಮಾತು ಹೇಗೆ ಬಂತೋ ಅವಳಿಗೇ ತಿಳಿಯದು. ಮಗು ತುಂಬಿಕೊಳ್ಳಲಿ ಅಂದಳು, ಆ ಪಿನ್ನು ಬಿಚ್ಚುವ ದಿನ ಬರಲಿ ಅಂದಳು, ಆ ತಾಯಿಗೆ ಒಂದು ರಾತ್ರಿಯಾದರೂ ನಿದ್ದೆ ಕೊಡು ಎಂದು ಅಂಗಲಾಚಿದಳು. ಡ್ರೈವರ್ ಮುಖ ಮುಚ್ಚಿಕೊಂಡು ಅಳುತ್ತಿದ್ದ. ನಲವತ್ತು ಗಂಟಲೂ ಅವಳ ಹಿಂದೆ "ಆಗಲಿ" ಅಂದವು.

ಸಾಹೇಬರು ಆದೇಶವನ್ನು ಮಡಚಿ ಜೇಬಿಗಿಟ್ಟು ಜೀಪು ಹತ್ತಿದ್ದನ್ನು ಅವಳು ನೋಡಲಿಲ್ಲ. ಪಕ್ಕದ ಮನೆಯವಳು ತೋಳು ಹಿಡಿದು ಅಲುಗಾಡಿಸಿದಳು.

"ಅಕ್ಕಾ, ಐದೂ ಹತ್ತಾಯ್ತು! ಹೋದ್ರು! ಸಾಕು, ಏಳು!"

ದರ್ಜಿಯಕ್ಕ ಕಣ್ಣು ತೆರೆಯದೆಯೇ ಆ ಕೈಯನ್ನು ಸರಿಸಿದಳು.

"ಸುಮ್ನಿರೇ," ಅಂದಳು, "ಮಗೂದು ಇನ್ನೂ ಮುಗಿದಿಲ್ಲ."