ಒಬ್ಬರಿಗೆಂದು ಕೊಯ್ದ ಬೆಂಚು

ಮೂಡ್ಲಕ್ಕನಿಗೆ ಶಾಲೆಯೊಳಗೆ ಕೂರಲು ಜಾಗವಿರಲಿಲ್ಲ. ಶಾಲೆಯಲ್ಲಿ ಜಾಗ ಬೇಕಾದಷ್ಟಿತ್ತು.

ನಾನು ಒಂದು ಬೆಂಚು. ಕರೇಕಟ್ಟೆಪಾಳ್ಯದ ಕೆರೆ ಏರಿಯ ಮೇಲೆ ಗಾಳಿಗೆ ಉರುಳಿದ ಬೇವಿನ ಮರದಿಂದ ನನ್ನ ಹಲಗೆ ಬಂತು. ಕಾಲುಗಳು ಕರಿಜಾಲಿಯವು. ಬಡಗಿ ಕಾಳಾಚಾರಿ ನನ್ನನ್ನು ಏಳಡಿ ಉದ್ದ ಮಾಡಿದ, ಐದು ಮಕ್ಕಳು ಕೂರಲಿ ಎಂದು. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗ ಏಳು ವರ್ಷವಾಗಿತ್ತು. ಶಾಲೆಗೆ ಒಬ್ಬರೇ ಮೇಷ್ಟ್ರು, ಒಂದೇ ಕೋಣೆ, ಒಂದೇ ಬೆಂಚು. ಮೂರನೇ ತರಗತಿಯವರೆಗಿನ ಮಕ್ಕಳು ನೆಲದ ಮೇಲೆ. ಬೆಂಚು ನಾಲ್ಕನೆಯವರಿಗೆ ಮಾತ್ರ, ಏಕೆಂದರೆ ವರ್ಷದ ಕೊನೆಗೆ ಅವರ ಪರೀಕ್ಷೆಯನ್ನು ಶಾಲಾ ಇನ್‌ಸ್ಪೆಕ್ಟರೇ ಬಂದು ಮಾಡುತ್ತಿದ್ದರು.

ಆ ವರ್ಷ ನಾಲ್ಕನೆಯಲ್ಲಿ ಐದು ಮಕ್ಕಳಿದ್ದರು. ಲೆಕ್ಕ ಸರಿಯಾಗಿತ್ತು. ಆದರೂ ನನ್ನ ಮೇಲೆ ನಾಲ್ವರೇ ಕೂರುತ್ತಿದ್ದರು. ಐದನೆಯವಳು ಮೂಡ್ಲಕ್ಕ, ಊರಾಚೆಯ ಕೇರಿಯ ಹುಡುಗಿ. ಅವಳಪ್ಪ ಪಟೇಲ್ ಕಾಮೇಗೌಡರ ಮನೆಯಲ್ಲಿ ಜೀತಕ್ಕಿದ್ದ. ಅವಳು ಒಂದನೇ ತರಗತಿಯಿಂದಲೂ ಜಗಲಿಯ ಮೇಲೆ, ಚಪ್ಪಲಿ ಬಿಡುವ ಕಡೆ ಕೂತು ಓದಿದವಳು. ಅಲ್ಲಿಂದ ಬೋರ್ಡು ಕಾಣುತ್ತಿರಲಿಲ್ಲ. ಮೇಷ್ಟ್ರು ಅವಳ ಸ್ಲೇಟನ್ನು ಮುಟ್ಟುತ್ತಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಎತ್ತಿ ಹಿಡಿಯಬೇಕು, ಅವರು ಕುರ್ಚಿಯಿಂದಲೇ ನೋಡಿ ‘ಸರಿ’ ಅಥವಾ ‘ತಪ್ಪು’ ಅನ್ನಬೇಕು. ಹಾಗಾಗಿ ಹುಡುಗಿ ಪಾಠವನ್ನು ಕಿವಿಯಿಂದಲೇ ಕಲಿತಳು. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರು ಆ ಶಾಲೆಯಲ್ಲಿರಲಿಲ್ಲ. ಇದನ್ನು ಹೆಮ್ಮೆಯ ವಿಷಯ ಅಂತ ಹೇಳುತ್ತಿಲ್ಲ. ಬೋರ್ಡು ಕಂಡಿದ್ದರೆ ಅವಳೂ ಎಲ್ಲರ ಹಾಗೆ ನೋಡಿಯೇ ಬರೆಯುತ್ತಿದ್ದಳು.

ಪರೀಕ್ಷೆಗೆ ಮೂರು ವಾರವಿದೆ ಎನ್ನುವಾಗ ಒಂದು ಸುದ್ದಿ ಬಂತು. ಈ ಸಲದ ಇನ್‌ಸ್ಪೆಕ್ಟರು ಕಟ್ಟುನಿಟ್ಟಿನವರು. ಪಕ್ಕದ ಊರಲ್ಲಿ ಕೇರಿಯ ಮಕ್ಕಳನ್ನು ಹೊರಗೆ ಕೂರಿಸಿದ್ದ ಮೇಷ್ಟ್ರನ್ನು ಜಿಲ್ಲೆಯ ಗಡಿಯಾಚೆ ಎತ್ತಂಗಡಿ ಮಾಡಿದ್ದಾರೆ. ನಮ್ಮ ಮೇಷ್ಟ್ರು ವೆಂಕಟನರಸಯ್ಯ ಓಡುತ್ತಾ ಪಟೇಲರ ಹತ್ತಿರ ಹೋದರು. ಪಟೇಲರು ಶಾಲೆಗೆ ಬಂದು ನನ್ನನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು.

“ಇದಕ್ಕ್ಯಾಕೆ ಇಷ್ಟು ತಲೆ ಕೆಡಿಸ್ಕಂತೀರಿ ಮೇಷ್ಟ್ರೇ? ಬೆಂಚೇ ಬ್ಯಾರೆ ಆದ್ರೆ ಆಯ್ತಲ್ಲ. ಅವಳೂ ಬೆಂಚಿನ ಮ್ಯಾಲೆ, ನಮ್ಮ ಹುಡುಗ್ರೂ ಬೆಂಚಿನ ಮ್ಯಾಲೆ. ಕಾಳಾಚಾರೀ, ಗರಗಸ ತಗಂಬಾ. ಅವಳ ಅಳತೆಗೆ ಒಂದು ತುಂಡು ಕೊಯ್ಯಿ.”

“ಕೊಯ್ಬೋದು ಗೌಡ್ರೇ. ಆದ್ರೆ...”

“ಆದ್ರೆ ಏನು? ಮರ ನಿಮ್ಮಪ್ಪಂದಾ?”

ಕಾಳಾಚಾರಿ ಬಾಯಿ ಮುಚ್ಚಿಕೊಂಡು ಕೊಯ್ದ. ಗರಗಸ ಕೆಳಗೆ ಇಳಿದಾಗ ಅವನೇ ಹಿಂದಕ್ಕೆ ಜಿಗಿದ. ಎರಡೂ ತುಂಡು ಧಡ್ ಎಂದು ಎರಡು ಕಡೆ ಬಿದ್ದವು. ಒಂದೊಂದಕ್ಕೂ ಎರಡೆರಡೇ ಕಾಲು, ಅದೂ ಒಂದೇ ತುದಿಗೆ.

ಪಟೇಲರು ಎರಡೂ ತುಂಡಿನ ಕಾಲು ಎಣಿಸಿದರು. “ಕಾಲು ಹಾಕು,” ಅಂದರು.

“ಹಾಕ್ತೀನಿ ಗೌಡ್ರೇ. ನಾಳೆ ತಂಗಿ ಮಗಳ ಮದುವೆಗೆ ಹೊಂಟಿವ್ನಿ. ಬಂದ ಮ್ಯಾಲೆ ಹಾಕ್ತೀನಿ.”

ಕೊಯ್ದ ಮೇಲೆ ಮಾತು ಸಣ್ಣ ತುಂಡಿಗೆ ಉಳಿಯಿತು. ಒಂದೂವರೆ ಅಡಿಯ ಆ ತುಂಡೇ ನಾನು. ದೊಡ್ಡ ತುಂಡಿಗೆ ಹೇಳುವುದೇನಾದರೂ ಇತ್ತೋ ಏನೋ, ಕೇಳಿದವರಿಲ್ಲ.

ಕಾಳಾಚಾರಿ ವಾಪಸು ಬರುವವರೆಗೆ ನಾಲ್ಕನೇ ತರಗತಿಗೆ ಬೆಂಚೇ ಇರಲಿಲ್ಲ. ಪಟೇಲರ ಮಗನೂ ನೆಲದ ಮೇಲೆ, ಶ್ಯಾನುಭೋಗರ ಮಗನೂ ನೆಲದ ಮೇಲೆ. ಇನ್‌ಸ್ಪೆಕ್ಟರು ಯಾವತ್ತು ಬಂದುಬಿಡುತ್ತಾರೋ ಎಂದು ಮೇಷ್ಟ್ರು ಮೂಡ್ಲಕ್ಕನನ್ನೂ ಒಳಗೆ ಕರೆದು ಗೋಡೆಯ ಪಕ್ಕ ಕೂರಿಸಿದರು. ಅವಳು ಮೊದಲ ಸಲ ಬೋರ್ಡು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಕೈ ಎತ್ತಿದಳು.

“ಸಾ, ನಿಮ್ಮ ಸಾಲು ಕೆಳಕ್ಕೆ ಇಳೀತಾ ಐತೆ.”

ಮಕ್ಕಳೆಲ್ಲ ನಕ್ಕರು. ಮೇಷ್ಟ್ರು ತಿರುಗಿ ನೋಡಿದರು. ಸಾಲು ನಿಜವಾಗಿಯೂ ಇಳಿದಿತ್ತು. ಬೈಯಲು ಬಾಯಿ ತೆರೆದವರು ಬಟ್ಟೆ ತೆಗೆದುಕೊಂಡು ಅಳಿಸಿದರು.

ಮದುವೆ ಊಟ ಮುಗಿಸಿ ಬಂದ ಕಾಳಾಚಾರಿ ನನಗೆ ಎರಡು ಹೊಂಗೆ ಕಾಲು ಜೋಡಿಸಿದ. ಅವಸರದಲ್ಲಿ ಒಂದು ಕಾಲು ಬೆರಳಿನಷ್ಟು ಗಿಡ್ಡವಾಯಿತು. ನನ್ನನ್ನು ಬಾಗಿಲ ಪಕ್ಕದ ಮೂಲೆಗೆ ಹಾಕಿದರು, ಮೂಡ್ಲಕ್ಕನನ್ನು ನನ್ನ ಮೇಲೆ ಕೂರಿಸಿದರು. ಅವಳು ಸ್ವಲ್ಪ ಅಲುಗಿದರೂ ಗಿಡ್ಡ ಕಾಲು ಕಲ್ಲುಚಪ್ಪಡಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಬರೆಯುವಾಗ ಟಕ್, ಕೆಮ್ಮಿದರೆ ಟಕ್. ಮೇಷ್ಟ್ರಿಗೆ ತಲೆನೋವು ಬಂತು.

ಆಗ ಎದ್ದು ನಿಂತವನು ಪಟೇಲರ ಮಗ ವೀರಕ್ಯಾತ. ಎಲ್ಲರೂ ಕ್ಯಾತ ಅನ್ನುತ್ತಿದ್ದರು. ನಾಲ್ಕನೆಯಲ್ಲಿ ಒಮ್ಮೆ ನಪಾಸಾಗಿದ್ದ. ಈ ಸಲವೂ ನಪಾಸಾದರೆ ಕುರಿ ಹಿಂದೆ ಅಟ್ಟುತ್ತೇನೆಂದು ಅಪ್ಪ ಹೇಳಿದ್ದರು.

“ಸಾ, ನಾನು ಆ ಕಡೆ ತುದೀಲಿ ಕುಂತ್ರೆ ಅದು ಅಲ್ಲಾಡಲ್ಲ.”

“ಅಲ್ಲಿ ಕೂರ್ತೀಯೇನೋ?”

“ಸದ್ದು ನಿಲ್ಬೇಕಲ್ಲ ಸಾ.”

ಕ್ಯಾತನಿಗೆ ಸದ್ದಿನ ಚಿಂತೆ ಇರಲಿಲ್ಲ. ಅವನಿಗೆ ಬಾಯಿಲೆಕ್ಕ ಬೇಕಿತ್ತು. ಕೂತ ಕೂಡಲೇ ತುಟಿ ಅಲ್ಲಾಡಿಸದೆ ಹೇಳಿದ: “ಏಯ್ ಮೂಡ್ಲಿ, ಉತ್ತರ ಮೆಲ್ಲಗೆ ಹೇಳ್ತಾ ಹೋಗು.”

“ಹೇಳ್ತೀನಿ ಚಿಕ್ಕಗೌಡ್ರೇ. ನೀವು ಸ್ವಲ್ಪ ಅತ್ಲಾಗೆ ಸರೀರಿ.”

“ಎಲ್ಲಿಗೆ ಸರೀಲಿ? ಬಿದ್ದೋಗ್ತೀನಿ.”

ಅದು ನಿಜ. ನಾನು ಒಬ್ಬರ ಅಳತೆಗೆ ಕೊಯ್ದ ಬೆಂಚು. ಏಳಡಿ ಇದ್ದಾಗ ಐದು ಮಕ್ಕಳು ನಡುನಡುವೆ ಒಂದೊಂದು ಗೇಣು ಬಿಟ್ಟು ಕೂರಬಹುದಿತ್ತು. ಈಗ ಇಬ್ಬರು ಕೂತರೆ ಮೊಣಕೈಗೆ ಮೊಣಕೈ, ತೊಡೆಗೆ ತೊಡೆ ತಾಗಲೇಬೇಕು. ಮುಟ್ಟದಿರಲಿ ಎಂದು ಪಟೇಲರು ನನ್ನನ್ನು ಕೊಯ್ಯಿಸಿದ್ದರು.

ಮೊದಮೊದಲು ಕ್ಯಾತ ಉತ್ತರವನ್ನಷ್ಟೇ ಕದಿಯುತ್ತಿದ್ದ. ಮೂಡ್ಲಕ್ಕನಿಗೆ ಬೇಸರ ಬಂತು. “ಸುಮ್ಕೆ ಹೇಳಲ್ಲ. ಹೆಂಗೆ ಬಂತು ಅಂತ ಕೇಳ್ರಿ,” ಅಂದಳು. ಅವನು ಕೇಳಿದ. ಖಂಡುಗಕ್ಕೆ ಇಪ್ಪತ್ತು ಕೊಳಗ, ಮೊದಲು ಎಲ್ಲವನ್ನೂ ಕೊಳಗ ಮಾಡಿಕೊಳ್ಳಬೇಕು, ಆಮೇಲೆ ಹಂಚಬೇಕು ಎಂದು ಅವಳು ನನ್ನ ಹಲಗೆಯ ಮೇಲೆ ಬೆರಳಲ್ಲಿ ಬರೆದು ತೋರಿಸಿದಳು. ಯಾವಾಗಲೋ ಒಮ್ಮೆ ಅವಳ ಬಾಯಿಂದ “ಅಲ್ಲ ಕಣೋ ಕ್ಯಾತ” ಎಂದು ಬಂದುಬಿಟ್ಟಿತು. ಹೇಳಿ ಗಾಬರಿಯಾದಳು. ಅವನು ಲೆಕ್ಕದಲ್ಲಿ ಮುಳುಗಿದ್ದ, ಗಮನಿಸಲಿಲ್ಲ. ಮಾರನೆಯ ದಿನದಿಂದ ಅದೇ ರೂಢಿಯಾಯಿತು.

ಇಂಥದ್ದು ಬಚ್ಚಿಡುವಂಥದ್ದಲ್ಲ. ಪರೀಕ್ಷೆಗೆ ಎರಡು ದಿನವಿರುವಾಗ ಪಟೇಲರು ಚಪ್ಪಲಿ ಮೆಟ್ಟಿಕೊಂಡೇ ಶಾಲೆಗೆ ನುಗ್ಗಿದರು. ಮಗನ ತೋಳು ಹಿಡಿದು ಎಳೆದರು. ಕ್ಯಾತ ಎದ್ದ ಕೂಡಲೇ ನನ್ನ ತೂಕ ಒಂದು ಕಡೆಯಾಯಿತು. ಪಟೇಲರು ಅದೇ ವೇಳೆಗೆ ನನಗೆ ಒದ್ದರು. ನಾನು ಉರುಳಿದೆ. ಮೂಡ್ಲಕ್ಕನ ಬಾಯಿ ಬಾಗಿಲ ಹೊಸಿಲಿಗೆ ಬಡಿಯಿತು. ಮುಂದಿನ ಹಲ್ಲೊಂದು ಕಲ್ಲಿನ ಮೇಲೆ ಬಿತ್ತು.

ಮೇಷ್ಟ್ರು ಗೋಡೆ ನೋಡುತ್ತಾ ನಿಂತರು. ಮೂಡ್ಲಕ್ಕ ಅಳಲಿಲ್ಲ, ಹಲ್ಲು ಹುಡುಕಿದಳು.

“ನಾಳೆಯಿಂದ ಇವಳು ಶಾಲೆ ಕಡೆ ತಲೆ ಹಾಕಂಗಿಲ್ಲ,” ಅಂದರು ಪಟೇಲರು.

ಕ್ಯಾತ ವೀರಾವೇಶದ ಮಾತೇನೂ ಆಡಲಿಲ್ಲ. ಮೂಗು ಒರೆಸಿಕೊಂಡು ಹೇಳಿದ: “ಅಪ್ಪಾ, ಅವಳು ಬರದೇ ಇದ್ರೆ ನಾನು ನಪಾಸು.”

“ಏನಂದೆ?”

“ನಪಾಸು. ಕುರೀನ ಇವತ್ತೇ ಬಿಟ್ಟುಕೊಡು.”

ಪಟೇಲರ ಅಪ್ಪನೂ ಪಟೇಲರು, ಅಜ್ಜನೂ ಪಟೇಲರು. ಮಗ ಕುರಿ ಕಾಯುವುದನ್ನು ಅವರು ಒಂದು ಗಳಿಗೆ ಯೋಚಿಸಿ ನೋಡಿದಂತಿತ್ತು. ನನ್ನನ್ನು ಕಾಲಿನಿಂದಲೇ ನೆಟ್ಟಗೆ ಮಾಡಿದರು. “ಪರೀಕ್ಷೆ ಮುಗೀಲಿ,” ಅಂದು ಹೊರಟರು. ಆ ಸಂಜೆ ಕ್ಯಾತನನ್ನು ಬಾವಿಕಟ್ಟೆಯಲ್ಲಿ ಕೂರಿಸಿ ಹತ್ತಾರು ಬಿಂದಿಗೆ ನೀರು ಸುರಿದರಂತೆ. ಮೂಡ್ಲಕ್ಕನ ಬಾಯಿಗೆ ಅವಳವ್ವ ಉಪ್ಪುನೀರು ಕೊಟ್ಟಳು. ಅವಳಪ್ಪ ಮಾರನೆಯ ಬೆಳಿಗ್ಗೆ ಎಂದಿನಂತೆ ಪಟೇಲರ ಎತ್ತು ಕಟ್ಟಿದ.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಒಳಗೆ ಬಂದವರು ಮೂಲೆಯಲ್ಲಿ ಒಂದೇ ತುಂಡು ಬೆಂಚಿನ ಮೇಲೆ ಅಂಟಿಕೊಂಡು ಕೂತ ಇಬ್ಬರನ್ನು ನೋಡಿದರು. ಯಾರು ಯಾರ ಮಕ್ಕಳೆಂದು ವಿಚಾರಿಸಿದರು. ಆಮೇಲೆ ಪರೀಕ್ಷೆ ನೋಡಲು ಬಂದಿದ್ದ ಪಟೇಲರ ಕೈ ಹಿಡಿದು ಕುಲುಕಿದರು. “ನಿಮ್ಮಂಥ ಹಿರಿಯರು ಊರಿಗೊಬ್ಬರಿದ್ದರೆ ಸಾಕು,” ಅಂದರು. ಪಟೇಲರು ಕೈಮುಗಿದರು. ಬೇರೆ ಏನು ಮಾಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಬಾಯಿಲೆಕ್ಕ ಶುರುವಾಯಿತು. ಇನ್‌ಸ್ಪೆಕ್ಟರು ಕ್ಯಾತನನ್ನು ಕೇಳಿದರು: “ಮೂರು ಖಂಡುಗ ರಾಗಿಯನ್ನು ನಾಲ್ಕು ಜನಕ್ಕೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಕೊಳಗ?”

ಕ್ಯಾತನಿಗೆ ಭಯದಲ್ಲಿ ಕಲಿತದ್ದೆಲ್ಲ ಹಾರಿಹೋಯಿತು. ಮೂಡ್ಲಕ್ಕ ತಲೆ ಬಗ್ಗಿಸಿ ಪಿಸುಗುಟ್ಟಿದಳು. ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ನುಗ್ಗಿತು.

ಕ್ಯಾತ ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಗಟ್ಟಿಯಾಗಿ ಹೇಳಿದ: “ಹಫಿನೈಫು!”

ಇನ್‌ಸ್ಪೆಕ್ಟರು ಬಗ್ಗಿ ಅವನ ಬಾಯಿ ನೋಡಿದರು. “ನಿನ್ನ ಹಲ್ಲೆಲ್ಲ ಗಟ್ಟಿಯಾಗೇ ಇದೆಯಲ್ಲೋ?” ಆಮೇಲೆ ಪಕ್ಕದ ಬಾಯಿ ನೋಡಿದರು. ಊದಿದ ತುಟಿ, ಸಂದಿ. “ನಿನಗೇನಾಯಿತಮ್ಮ?”

ಮೂಡ್ಲಕ್ಕ ಪಟೇಲರ ಕಡೆ ನೋಡಲಿಲ್ಲ. “ಬಿಫ್ಫೆ ಸಾಮಿ,” ಅಂದಳು.

ಮೊದಲು ನಕ್ಕವನು ಕ್ಯಾತ. ಆಮೇಲೆ ಮೂಡ್ಲಕ್ಕನಿಗೇ ನಗು ತಡೆಯಲಾಗಲಿಲ್ಲ, ಬಾಯಿ ನೋಯುತ್ತಿದ್ದರೂ ನಕ್ಕಳು. ಇಬ್ಬರ ನಗುವಿಗೆ ನನ್ನ ಗಿಡ್ಡ ಕಾಲು ಟಕ್ ಟಕ್ ಅಂದಿತು. ಇನ್‌ಸ್ಪೆಕ್ಟರು ನಗಲಿಲ್ಲ. ಹುಡುಗಿಯನ್ನು ದೂರ ನಿಲ್ಲಿಸಿ ಕ್ಯಾತನಿಗೆ ಇನ್ನೊಂದು ಲೆಕ್ಕ ಕೊಟ್ಟರು. ಅವನು ನನ್ನ ಹಲಗೆಯ ಮೇಲೆ ಬೆರಳಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಉತ್ತರ ಹೇಳಿದ. ಸರಿಯಿತ್ತು. ಇಬ್ಬರೂ ಪಾಸಾದರು. ಹೊರಡುವಾಗ ಇನ್‌ಸ್ಪೆಕ್ಟರು ಮೇಷ್ಟ್ರಿಗೆ ಎಲ್ಲರೆದುರು ಹೇಳಿದರು: “ಮುಂದಿನ ವರ್ಷವೂ ಮಕ್ಕಳನ್ನು ಹೀಗೇ ಕೂರಿಸಿರಿ. ನಾನೇ ಬಂದು ನೋಡುತ್ತೇನೆ.” ಅಲ್ಲಿಂದಾಚೆಗೆ ಕೇರಿಯ ಮಕ್ಕಳು ಜಗಲಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಹೊಗಳಿಕೆಯನ್ನು ಹಿಂದಕ್ಕೆ ಕೊಡಲು ಪಟೇಲರಿಗೂ ದಾರಿಯಿರಲಿಲ್ಲ.

ಮೂಡ್ಲಕ್ಕ ಪೇಟೆಯ ಹಾಸ್ಟೆಲಿನಲ್ಲಿದ್ದು ಓದಿದಳು. ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕ್ಯಾತ ಊರಲ್ಲೇ ಉಳಿದು ಕಡ್ಲೆಕಾಯಿ ಬೆಳೆದ.

ನಾನು ಹಲವು ಕೈ ದಾಟಿದೆ. ಶಾಲೆಗೆ ಹೊಸ ಕಟ್ಟಡ ಬಂದಾಗ ನನ್ನನ್ನು ಹಾಲಿನ ಡೈರಿಯವರು ಒಯ್ದರು. ನನ್ನ ಮೇಲೆ ಕ್ಯಾನು ಇಟ್ಟು ಎಲ್ಲ ಕೇರಿಯ ಹಾಲನ್ನೂ ಅದಕ್ಕೇ ಸುರಿದರು. ಯಾರೂ ಏನೂ ಅನ್ನಲಿಲ್ಲ, ಹಾಲು ಪೇಟೆಯವರು ಕುಡಿಯುವುದು ತಾನೆ. ಆಮೇಲೆ ಅಂಗನವಾಡಿ, ಆಮೇಲೆ ಟೀ ಅಂಗಡಿ. ದೊಡ್ಡ ತುಂಡು ಶಾಲೆಯಲ್ಲೇ ಇತ್ತು. ಬಿಸಿಯೂಟ ಶುರುವಾದ ವರ್ಷ ಸೌದೆ ಸಾಲದೆ ಒಲೆಗೆ ಹೋಯಿತು. ಅವತ್ತಿನ ಅನ್ನವನ್ನು ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂತು ತಿಂದರು ಎಂದು ಕೇಳಿದೆ. ಸೌದೆಗೆ ಅದಕ್ಕಿಂತ ಒಳ್ಳೆಯ ಸಾವು ಇರಲಾರದು.

ಒಂದು ಬೇಸಿಗೆಯಲ್ಲಿ ಸಿನಿಮಾದವರು ಬಂದರು. ನಮ್ಮ ಶಾಲೆಯ ಕಥೆಯನ್ನೇ ಚಿತ್ರ ಮಾಡುತ್ತಾರಂತೆ. ಹಳೇ ಕಟ್ಟಡಕ್ಕೆ ಸುಣ್ಣ ಬಳಿದು, ಆಮೇಲೆ ಅದು ಹಳೆಯದಾಗಿ ಕಾಣಲಿ ಎಂದು ಮಸಿ ಬಳಿದರು. ನನ್ನನ್ನು ಹುಡುಕಿ ತಂದು ನಿರ್ದೇಶಕರ ಮುಂದೆ ಇಟ್ಟರು. ಸುಹಾಸ್ ಎಂದು ಅವರ ಹೆಸರು. ಅವರು ಸುತ್ತಲೂ ನೋಡಿ, “ಇದು ತುಂಬಾ ಚಿಕ್ಕದು. ಫ್ರೇಮ್ ತುಂಬಲ್ಲ,” ಅಂದರು. ಹೊಸದೊಂದು ಮಾಡಿಸಿದರು. ನನ್ನನ್ನು ನೆರಳಲ್ಲಿ ಹಾಕಿದರು. ಅತಿಥಿಗಳಾಗಿ ಬಂದ ಮೂಡ್ಲಕ್ಕ ಮತ್ತು ಕ್ಯಾತ ನನ್ನ ಮೇಲೆ ಕೂತರು. ಇಬ್ಬರಿಗೂ ಎಪ್ಪತ್ತು ದಾಟಿತ್ತು, ಕ್ಯಾತ ದಪ್ಪವಾಗಿದ್ದ.

“ಸರಿಯೋ ಅತ್ಲಾಗೆ, ಕ್ಯಾತ.”

“ಆವತ್ತೂ ಇದೇ ಅಂದೆ. ಎಲ್ಲಿಗೆ ಸರೀಲಿ ಮಾರಾಯ್ತಿ?”

ಅವರೆದುರಿಗೇ ಬೆಂಚು ಕೊಯ್ಯುವ ದೃಶ್ಯ ತೆಗೆದರು. ಪಟೇಲನ ಪಾತ್ರದವನು ಮೀಸೆ ತಿರುವಿ ತಾನೇ ಗರಗಸ ಹಿಡಿದ. ಸಂಗೀತ ಇಲ್ಲಿ ಏರುತ್ತದೆ ಎಂದು ಯಾರೋ ಹೇಳುತ್ತಿದ್ದರು. ಗರಗಸ ಕೆಳಗಿಳಿಯಿತು. ಎರಡೂ ತುಂಡು ಧಡ್ ಎಂದು ಎರಡು ಕಡೆ ಬಿದ್ದವು. ನಿರ್ದೇಶಕರು ತಲೆಯ ಮೇಲೆ ಕೈಯಿಟ್ಟುಕೊಂಡರು.

ಕ್ಯಾತ ತೊಡೆ ತಟ್ಟಿ ನಕ್ಕ. “ನಮ್ಮಪ್ಪನೂ ಥೇಟ್ ನಿಮ್ಮಂಗೇ ಸಾರ್. ಕಾಲಿನ ಲೆಕ್ಕ ಇಡ್ನಿಲ್ಲ.”

ಇಟ್ಟಿಗೆ ಒತ್ತಿಟ್ಟು ದೃಶ್ಯ ಮುಗಿಸಿದರು. ಬಿಡುವಿನಲ್ಲಿ ಸುಹಾಸ್ ಬಂದು ಮೂಡ್ಲಕ್ಕನ ಮುಂದೆ ಮಂಡಿಯೂರಿ ಕೂತರು. “ಅಮ್ಮ, ಅವರು ಎದ್ದು ಬಂದು ನಿಮ್ಮ ಪಕ್ಕ ಕೂತ್ರಲ್ಲ, ಆಗ ಏನನ್ನಿಸ್ತು?”

“ಇಕ್ಕಟ್ಟಾಯ್ತು.”

“ಅಲ್ಲಮ್ಮ, ನಿಮಗೋಸ್ಕರ ಒಬ್ಬರು...”

“ನನಗೋಸ್ಕರ ಎಲ್ಲಿ ಬಂದ? ಲೆಕ್ಕಕ್ಕೋಸ್ಕರ ಬಂದ. ಒಂದು ಮಾತು ಕೇಳಪ್ಪ. ನನ್ನ ಪಾರ್ಟು ಮಾಡೋ ಆ ಮಗೂಗೆ ಒಂದು ಹಲ್ಲು ಇಲ್ಲದ ಹಾಗೆ ಮಾಡು. ಉಳಿದದ್ದು ಏನಾದ್ರೂ ಮಾಡ್ಕೊ. ಹಲ್ಲು ಮಾತ್ರ ಬಿಡಬ್ಯಾಡ.”

“ಕ್ಲೈಮ್ಯಾಕ್ಸಲ್ಲಿ ‘ಹಫಿನೈಫು’ ಅಂದ್ರೆ ಜನ ನಕ್ಕುಬಿಡ್ತಾರಮ್ಮ.”

“ನಾವೂ ನಕ್ವಲ್ಲ!”

ಅವರು ಒಪ್ಪಲಿಲ್ಲ. ಚಿತ್ರದ ಹುಡುಗಿ ಎಲ್ಲ ಹಲ್ಲೂ ಇಟ್ಟುಕೊಂಡೇ ಕಣ್ಣೀರಿನಲ್ಲಿ ‘ಹದಿನೈದು’ ಅಂದಳು. ಹುಡುಗ ಅವಳ ಕೈ ಹಿಡಿದ. ಹಿಂದೆ ನಿಂತಿದ್ದವರು ಕಣ್ಣು ಒರೆಸಿಕೊಂಡರು. ಕ್ಯಾತ ಮೂಡ್ಲಕ್ಕನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ “ಹಫಿನೈಫು” ಅಂದ. ಅವಳಿಗೆ ನಗು ಉಕ್ಕಿತು. ಕಟ್ಟಿಸಿದ ಹಲ್ಲಿಗೆ ಸೆರಗು ಅಡ್ಡ ಹಿಡಿದಳು. ನನ್ನ ಗಿಡ್ಡ ಕಾಲು ಟಕ್ ಅಂದಿತು, ಶಬ್ದ ಹಿಡಿಯುವವನು “ಸೈಲೆನ್ಸ್!” ಎಂದು ಕೂಗಿದ.

ಈಗ ಹಳೇ ಶಾಲೆಯಲ್ಲಿ ಪಂಚಾಯಿತಿ ಗ್ರಂಥಾಲಯವಿದೆ. ನಾನು ಅದರ ಜಗಲಿಯಲ್ಲಿದ್ದೇನೆ, ಚಪ್ಪಲಿ ಬಿಡುವ ಕಡೆ. ಜಾಗ ಚೆನ್ನಾಗಿದೆ, ಗಾಳಿ ಬರುತ್ತದೆ. ಮೊನ್ನೆ ಇಬ್ಬರು ಹುಡುಗಿಯರು ನನ್ನ ಮೇಲೆ ಒತ್ತಿ ಕೂತು ಫೋನಿನಲ್ಲಿ ಆ ಚಿತ್ರ ನೋಡುತ್ತಿದ್ದರು.

“ಇದೇ ಆ ಬೆಂಚಂತೆ ಕಣೇ.”

“ಹೋಗೇ, ಅದು ಎಷ್ಟು ದೊಡ್ಡದೈತೆ. ಇದ್ರಲ್ಲಿ ಇಬ್ರು ಹೆಂಗೆ ಕೂರಕ್ಕಾಗುತ್ತೆ?”

ಇಬ್ಬರೂ ಕೂತೇ ಇದ್ದರು.

ನನಗೆ ದೂರುಗಳಿಲ್ಲ. ಬೇವಿಗೆ ಹುಳ ಬಿದ್ದಿಲ್ಲ. ಆದರೆ ಚಿತ್ರದಲ್ಲಿ ಯಾರಿಗೂ ಏನೂ ಕಳೆದುಹೋಗಲಿಲ್ಲ, ಹಾಗಾಗಿ ಕಳೆದದ್ದನ್ನು ಇಲ್ಲಿ ಹೇಳಿ ಮುಗಿಸುತ್ತೇನೆ. ನಾನು ಕಳೆದುಕೊಂಡದ್ದು ಐದೂವರೆ ಅಡಿ ಹಲಗೆ, ಎರಡು ಜಾಲಿ ಕಾಲು. ಮೂಡ್ಲಕ್ಕ ಕಳೆದುಕೊಂಡದ್ದು ಬೋರ್ಡು ಕಾಣದ ನಾಲ್ಕು ವರ್ಷ, ಒಂದು ಹಲ್ಲು.